ವಿಮಾನದ ಎಂಜಿನ್‌ನಲ್ಲಿ ಆಯಿಲ್ ಟೆಂಪರೇಚರ್ ಸೆನ್ಸರ್ ಎಲ್ಲಿ ಕೂರಬೇಕು, ಏಕೆ ಅಲ್ಲೇ ಕೂರಬೇಕು

ಗೇಜಿನ ಮುಳ್ಳು 105 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಅದು ಎಂಜಿನ್‌ನ ಯಾವ ಜಾಗದ ಆಯಿಲ್? ಓಡುತ್ತಿರುವ ಎಂಜಿನ್‌ನೊಳಗೆ ಆಯಿಲ್ಲಿಗೆ ಒಂದೇ ಉಷ್ಣತೆ ಅಂತ ಇರುವುದಿಲ್ಲ. ಕೂಲರ್‌ನಿಂದ ಹೊರಬರುವಾಗ ಒಂದು, ಬೇರಿಂಗ್‌ಗಳ ಸಂದಿಯಲ್ಲಿ ಇನ್ನೊಂದು, ಪಿಸ್ಟನ್‌ನ ಅಡಿಗೆ ಸಿಡಿದು ಸಂಪ್‌ಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ) ಇಳಿಯುವಾಗ ಮತ್ತೊಂದು. ಮ್ಯಾನ್ಯುಯಲ್‌ನಲ್ಲಿ ಬರೆದ ಗರಿಷ್ಠ ಮಿತಿ ಇವುಗಳಲ್ಲಿ ಒಂದು ಜಾಗಕ್ಕೆ ಮಾತ್ರ ಸೇರಿದ್ದು. ಸೆನ್ಸರನ್ನು ಬೇರೆ ಕಡೆ ಕೂರಿಸಿ ಅದೇ ಮಿತಿಗೆ ಹೋಲಿಸಿ ನೋಡಿದರೆ ಆ ಹೋಲಿಕೆಗೆ ಅರ್ಥವಿಲ್ಲ.

ಎಷ್ಟು ವ್ಯತ್ಯಾಸ ಬರಬಹುದು ಎಂಬುದನ್ನು ಒಂದು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 10 ಲೀಟರ್ ಆಯಿಲ್ ಹರಿಯುತ್ತಿದೆ ಎಂದುಕೊಳ್ಳಿ. ಬಿಸಿ ಆಯಿಲ್ಲಿನ ಸಾಂದ್ರತೆ ಲೀಟರಿಗೆ ಸುಮಾರು 0.85 ಕಿಲೋ, ಅಂದರೆ ಸೆಕೆಂಡಿಗೆ 0.14 ಕಿಲೋ ಆಯಿಲ್. ಒಂದು ಕಿಲೋ ಆಯಿಲ್ಲನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 2.1 ಕಿಲೋಜೌಲ್ ಬೇಕು. ಎಂಜಿನ್ ಈ ಆಯಿಲ್ಲಿಗೆ 6 ಕಿಲೋವ್ಯಾಟ್ ಶಾಖ ಸುರಿದರೆ, ಒಳಹೋದ ಆಯಿಲ್ ಹೊರಬರುವ ಹೊತ್ತಿಗೆ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಒಳಬರುವ ದಾರಿಯಲ್ಲಿ 95 ಇದ್ದದ್ದು ವಾಪಸ್ ದಾರಿಯಲ್ಲಿ 115. ಎರಡೂ ನಿಜ. ಸಣ್ಣ ವಿಮಾನಗಳ ಲೈಕಮಿಂಗ್ ಎಂಜಿನ್‌ಗಳ ವಿಷಯದಲ್ಲಿ ಮೆಕ್ಯಾನಿಕ್‌ಗಳು ಬಳಸುವ ರೂಢಿಯ ಲೆಕ್ಕವೂ ಇದಕ್ಕೆ ಹತ್ತಿರವೇ: ಸೆನ್ಸರ್ ದಾಟಿದ ಆಯಿಲ್ ಎಂಜಿನ್‌ನ ಬಿಸಿ ಜಾಗಗಳಲ್ಲಿ ಇನ್ನೂ ಸುಮಾರು 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 28 ಡಿಗ್ರಿ ಸೆಲ್ಸಿಯಸ್, ಏರುತ್ತದೆ.

ಲೈಕಮಿಂಗ್‌ನಲ್ಲಿ ಆಯಿಲ್ ಹರಿಯುವ ದಾರಿ

ಸೆಸ್ನಾ 172, ಪೈಪರ್‌ನಂಥ ತರಬೇತಿ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ ಲೈಕಮಿಂಗ್ ಒ-320, ಒ-360 ಎಂಜಿನ್‌ಗಳನ್ನೇ ತೆಗೆದುಕೊಳ್ಳೋಣ. ಇವು ವೆಟ್ ಸಂಪ್ ಎಂಜಿನ್‌ಗಳು, ಆಯಿಲ್ ಎಂಜಿನ್‌ನ ಕೆಳಗಿನ ಸಂಪ್‌ನಲ್ಲೇ ನಿಂತಿರುತ್ತದೆ. ಸಕ್ಷನ್ ಸ್ಕ್ರೀನ್ ಮೂಲಕ ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಹೋಸ್ ಮೂಲಕ ಕೂಲರ್, ಕೂಲರ್‌ನಿಂದ ವಾಪಸ್ ಫಿಲ್ಟರ್, ಆಮೇಲೆ ಮುಖ್ಯ ಗ್ಯಾಲರಿ (ಎಂಜಿನ್ ಮೈಯೊಳಗೆ ಕೊರೆದ ಆಯಿಲ್ ಕಾಲುವೆ), ಬೇರಿಂಗ್‌ಗಳು. ಟೆಂಪರೇಚರ್ ಸೆನ್ಸರ್ ಇರುವುದು ಎಂಜಿನ್‌ನ ಹಿಂಬದಿಯ ಆಕ್ಸೆಸರಿ ಕೇಸ್‌ನಲ್ಲಿ. ಹಳೆಯ ಮಾದರಿಗಳಲ್ಲಿ ಪ್ರೆಷರ್ ಸ್ಕ್ರೀನ್ ಹೌಸಿಂಗ್‌ನಲ್ಲಿ, ಸ್ಪಿನ್-ಆನ್ ಫಿಲ್ಟರ್ ಇದ್ದರೆ ಅದರ ಅಡಾಪ್ಟರ್‌ನಲ್ಲಿ. ಒಟ್ಟಿನಲ್ಲಿ ಅದು ಅಳೆಯುವುದು ಕೂಲರ್ ದಾಟಿ ಬೇರಿಂಗ್‌ಗಳ ಕಡೆಗೆ ಹೊರಟ ಆಯಿಲ್ಲನ್ನು. ಈ ಎಂಜಿನ್‌ಗಳ ಗರಿಷ್ಠ ಮಿತಿ 245 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 118 ಸೆಲ್ಸಿಯಸ್. ಅದು ಈ ಒಳಬರುವ ಆಯಿಲ್ಲಿಗೆ ಹಾಕಿದ ಮಿತಿ.

ಇಲ್ಲಿ ವರ್ನಾಥರ್ಮ್ ಎಂಬ ಒಂದು ಸಣ್ಣ ಕವಾಟ ಬಹಳ ಮುಖ್ಯ. ಆಯಿಲ್ ತಣ್ಣಗಿರುವಾಗ ಅದು ತೆರೆದಿರುತ್ತದೆ, ಆಯಿಲ್ ಕೂಲರ್‌ಗೆ ಹೋಗದೆ ಅಡ್ಡದಾರಿಯಲ್ಲಿ ನೇರ ಫಿಲ್ಟರ್‌ಗೆ ಬರುತ್ತದೆ. ಸುಮಾರು 185 ಫ್ಯಾರನ್‌ಹೀಟ್ (85 ಸೆಲ್ಸಿಯಸ್) ಆಗುವಷ್ಟರಲ್ಲಿ ಕವಾಟ ಹಿಗ್ಗಿ ತನ್ನ ಸೀಟ್ ಮೇಲೆ ಕೂತು ಅಡ್ಡದಾರಿಯನ್ನು ಮುಚ್ಚುತ್ತದೆ. ಆಗ ಎಲ್ಲ ಆಯಿಲ್ಲೂ ಕೂಲರ್ ಮೂಲಕವೇ ಹೋಗಬೇಕು. ಸೀಟ್ ಸವೆದಿದ್ದರೆ ಅಥವಾ ಕವಾಟದ ತಲೆ ಸರಿಯಾಗಿ ಕೂರದಿದ್ದರೆ ಬಿಸಿ ಆಯಿಲ್ ಸೋರಿ ಅಡ್ಡದಾರಿಯಲ್ಲೇ ಹರಿಯುತ್ತಿರುತ್ತದೆ.

ಈಗ ಯಾರಾದರೂ ಸುಲಭಕ್ಕೆಂದು ಸೆನ್ಸರನ್ನು ಕೂಲರ್‌ನ ಹೊರಬಾಯಿಯ ಹೋಸ್‌ನಲ್ಲಿ ಹಾಕಿದರು ಎನ್ನಿ. ಕೂಲರ್‌ನಿಂದ ಬರುವ ಆಯಿಲ್ ತಣ್ಣಗೇ ಇರುತ್ತದೆ. ಸೋರುವ ಕವಾಟದಿಂದಾಗಿ ಕೂಲರ್‌ಗೆ ಹರಿವು ಕಡಿಮೆಯಾದಷ್ಟೂ ಅದು ಇನ್ನಷ್ಟು ತಣ್ಣಗಾಗುತ್ತದೆ. ಗೇಜು 80 ತೋರಿಸುತ್ತಿರುವಾಗಲೇ ಬೇರಿಂಗ್‌ಗಳಿಗೆ ಹೋಗುವ ಮಿಶ್ರಣ 115 ಆಗಿರಬಹುದು. ಕೂಲರ್‌ನಿಂದ ಬಂದ ಆಯಿಲ್ಲೂ ಅಡ್ಡದಾರಿಯಿಂದ ಬಂದ ಆಯಿಲ್ಲೂ ಕೂಡಿದ ನಂತರದ ಜಾಗದಲ್ಲೇ ಸೆನ್ಸರ್ ಇರಬೇಕು ಎನ್ನುವುದಕ್ಕೆ ಕಾರಣ ಇದು. "ಕೂಲರ್ ಆದಮೇಲೆ" ಎಂದಷ್ಟೇ ನೆನಪಿಟ್ಟುಕೊಂಡವರು ಎಡವುವುದು ಇಲ್ಲೇ.

ರೋಟಾಕ್ಸ್ 912: ದಾರಿ ಬೇರೆ, ತತ್ವ ಅದೇ

ರೋಟಾಕ್ಸ್ 912, 914 ನಮ್ಮಲ್ಲಿಗೂ ಹತ್ತಿರದ ಎಂಜಿನ್‌ಗಳು. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ರೂಪಿಸಿದ ಹಂಸ-3 ತರಬೇತಿ ವಿಮಾನದಲ್ಲಿ ರೋಟಾಕ್ಸ್ 914 ಇತ್ತು, ಈಗಿನ ಹಂಸ-ಎನ್‌ಜಿಯಲ್ಲಿ 912ರ ಫ್ಯುಯೆಲ್ ಇಂಜೆಕ್ಷನ್ ಮಾದರಿ ಇದೆ. ಇವು ಡ್ರೈ ಸಂಪ್ ಎಂಜಿನ್‌ಗಳು. ಆಯಿಲ್ ಬೇರೆಯೇ ಒಂದು ಟ್ಯಾಂಕ್‌ನಲ್ಲಿರುತ್ತದೆ. ಪಂಪ್ ಟ್ಯಾಂಕ್‌ನಿಂದ ಆಯಿಲ್ ಎಳೆಯುವಾಗ ಅದು ಕೂಲರ್ ಮೂಲಕವೇ ಬರುತ್ತದೆ, ಅಂದರೆ ಕೂಲರ್ ಇರುವುದು ಪಂಪಿನ ಸಕ್ಷನ್ ಬದಿಯಲ್ಲಿ. ಪಂಪ್ ದಾಟಿದ ಮೇಲೆ ಫಿಲ್ಟರ್, ಆಮೇಲೆ ಬೇರಿಂಗ್‌ಗಳು. ಕೆಲಸ ಮುಗಿಸಿದ ಆಯಿಲ್ಲನ್ನು ಟ್ಯಾಂಕ್‌ಗೆ ಹಿಂದಿರುಗಿಸಲು ಬೇರೆ ಪಂಪ್ ಇಲ್ಲ, ಪಿಸ್ಟನ್ ಪಕ್ಕದಿಂದ ನುಸುಳುವ ಗ್ಯಾಸ್‌ನಿಂದ ಕ್ರ್ಯಾಂಕ್‌ಕೇಸ್‌ನಲ್ಲಿ ಏಳುವ ಒತ್ತಡವೇ ಅದನ್ನು ತಳ್ಳುತ್ತದೆ.

ಸೆನ್ಸರ್ ಆಯಿಲ್ ಪಂಪಿನ ಹೌಸಿಂಗ್‌ನಲ್ಲಿದೆ. ಇಲ್ಲೂ ಅಳೆಯುವುದು ಎಂಜಿನ್ ಒಳಹೋಗುವ ಆಯಿಲ್ಲನ್ನೇ. 80 ಅಶ್ವಶಕ್ತಿಯ 912 ಯುಎಲ್‌ಗೆ ಗರಿಷ್ಠ 140 ಡಿಗ್ರಿ, 100 ಅಶ್ವಶಕ್ತಿಯ ಯುಎಲ್‌ಎಸ್‌ಗೆ 130. ಕನಿಷ್ಠ 50, ಸಾಮಾನ್ಯ ಓಟದಲ್ಲಿ 90ರಿಂದ 110.

ರೋಟಾಕ್ಸ್‌ನಲ್ಲಿ ಹೋಸ್ ಕತ್ತರಿಸಿ ಟಿ-ಫಿಟಿಂಗ್ ಹಾಕಿ, ಅದರಲ್ಲಿ ಸೆನ್ಸರ್ ಕೂರಿಸುವ ಯೋಚನೆ ಬಂದರೆ ಅಲ್ಲೇ ಬಿಡಬೇಕು. ಕೂಲರ್‌ನಿಂದ ಪಂಪ್‌ಗೆ ಬರುವ ಹೋಸ್ ಒತ್ತಡದ ಹೋಸ್ ಅಲ್ಲ, ಎಳೆತದ ಹೋಸ್. ಪೂರ್ತಿ ಥ್ರಾಟಲ್‌ನಲ್ಲಿ ಪಂಪಿನ ಒಳಬಾಯಿಯಲ್ಲಿ ನಿರ್ವಾತ 0.3 ಬಾರ್ ಮೀರಬಾರದು ಎಂದು ತಯಾರಕರ ಇನ್‌ಸ್ಟಲೇಷನ್ ಮ್ಯಾನ್ಯುಯಲ್ ಹೇಳುತ್ತದೆ. ಟಿ-ಫಿಟಿಂಗ್, ದಾರಿಗೆ ಅಡ್ಡ ಚಾಚಿದ ಸೆನ್ಸರ್ ತುದಿ, ಒಂದು ಬಿಗಿಯಾದ ತಿರುವು, ಎಲ್ಲವೂ ಆ ಎಳೆತವನ್ನು ಹೆಚ್ಚಿಸುತ್ತವೆ. ಇನ್ನೂ ಕೆಟ್ಟದ್ದೆಂದರೆ, ಎಳೆತದ ಹೋಸ್‌ನಲ್ಲಿ ಸಣ್ಣ ಸೋರಿಕೆಯಿದ್ದರೂ ಎಂಜಿನ್ ಓಡುವಾಗ ಅದು ಹೊರಗೆ ಕಾಣುವುದಿಲ್ಲ. ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪ್ರೆಷರ್ ಗೇಜಿನ ಮುಳ್ಳು ತೂಗಾಡಲು ಶುರುವಾದಾಗಲೇ ಗೊತ್ತಾಗುವುದು. ಈ ಹೋಸ್‌ಗಳನ್ನು ಯಾವ ಕಾರಣಕ್ಕೇ ಬಿಚ್ಚಿದರೂ ಮತ್ತೆ ಸ್ಟಾರ್ಟ್ ಮಾಡುವ ಮೊದಲು ತಯಾರಕರ ವಿಧಾನದಂತೆ ಆಯಿಲ್ ದಾರಿಯಲ್ಲಿನ ಗಾಳಿ ತೆಗೆಯಲೇಬೇಕು. ಇಲ್ಲದಿದ್ದರೆ ಹೈಡ್ರಾಲಿಕ್ ಟ್ಯಾಪೆಟ್‌ಗಳೊಳಗೆ ಗಾಳಿ ಸೇರಿ ವಾಲ್ವ್ ಟ್ರೇನ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಭಾಗಗಳು) ಹಾಳಾಗುತ್ತದೆ.

ಬೇರೆ ಜಾಗಗಳು ಏನು ಹೇಳುತ್ತವೆ

ಒಳಬರುವ ಆಯಿಲ್ಲನ್ನೇ ಏಕೆ ಅಳೆಯಬೇಕು? ಬೇರಿಂಗ್ ಬದುಕುವುದು ಅದರ ಸಂದಿಯಲ್ಲಿರುವ ಆಯಿಲ್ ಪದರದ ಮೇಲೆ. ಆ ಪದರದ ದಪ್ಪ ನಿಂತಿರುವುದು ಆಯಿಲ್ಲಿನ ಸ್ನಿಗ್ಧತೆಯ ಮೇಲೆ, ಸ್ನಿಗ್ಧತೆ ಉಷ್ಣತೆಯ ಮೇಲೆ. ಒಳಬರುವ ಆಯಿಲ್ ಎಷ್ಟು ಬಿಸಿ ಎಂದು ತಿಳಿದರೆ, ಎಂಜಿನ್ ಅದಕ್ಕೆ ಎಷ್ಟು ಶಾಖ ಸೇರಿಸುತ್ತದೆ ಎಂಬುದು ತಯಾರಕರು ಟೆಸ್ಟ್ ಬೆಂಚಿನಲ್ಲಿ ಆಗಲೇ ಅಳೆದಿಟ್ಟ ಸಂಗತಿ. ಎರಡನ್ನೂ ಕೂಡಿಸಿಯೇ ಮಿತಿ ಬರೆದಿರುತ್ತಾರೆ. ಪ್ರೆಷರ್ ಗೇಜಿನೊಂದಿಗೆ ತಾಳೆ ನೋಡಲಿಕ್ಕೂ ಇದೇ ಅನುಕೂಲ, ಎರಡೂ ಒಂದೇ ಆಯಿಲ್ಲಿನ ಸುದ್ದಿ ಹೇಳುತ್ತವೆ.

ವಾಪಸ್ ದಾರಿಯಲ್ಲಿ, ಅಂದರೆ ಕೂಲರ್‌ಗೆ ಮೊದಲು ಸೆನ್ಸರ್ ಹಾಕಿದರೆ ಎಂಜಿನ್‌ನ ಒಳಗಿನ ತೊಂದರೆ ಬೇಗ ಕಾಣುತ್ತದೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಜೆಟ್ ಎಂಜಿನ್‌ಗಳಲ್ಲಿ ಕೆಲವು ಮಾದರಿಗಳು ಸ್ಕ್ಯಾವೆಂಜ್ ಎಂದು ಕರೆಯುವ ವಾಪಸ್ ದಾರಿಯಲ್ಲೇ ಅಳೆಯುತ್ತವೆ, ಕೆಲವು ಸರಬರಾಜು ದಾರಿಯಲ್ಲಿ. ಅಲ್ಲಿ ಕೂಲರ್ ಯಾವ ಬದಿಗಿದೆ ಎಂಬುದೂ ಬದಲಾಗುತ್ತದೆ: ಸರಬರಾಜು ಬದಿಯಲ್ಲಿದ್ದರೆ ಟ್ಯಾಂಕ್ ಬಿಸಿ, ವಾಪಸ್ ಬದಿಯಲ್ಲಿದ್ದರೆ ಟ್ಯಾಂಕ್ ತಣ್ಣಗೆ. ಆದರೆ ಆ ಎಂಜಿನ್‌ಗಳ ಮಿತಿಗಳೂ ಆಯಾ ಜಾಗಕ್ಕೇ ಬರೆದಿರುತ್ತವೆ. ಪಿಸ್ಟನ್ ಎಂಜಿನ್‌ನಲ್ಲಿ ವಾಪಸ್ ದಾರಿಯ ಸೆನ್ಸರನ್ನೇ ಏಕೈಕ ಸೆನ್ಸರ್ ಮಾಡಿಕೊಂಡರೆ ವಾರ್ಮ್-ಅಪ್ ಹೊತ್ತಿನಲ್ಲಿ ಮೋಸವಾಗುತ್ತದೆ. ಎಂಜಿನ್ ಒಳಗೆ ಕಾದ ಆಯಿಲ್ ಬೇಗ 50 ಮುಟ್ಟುತ್ತದೆ. ಕೂಲರ್, ಹೋಸ್, ಟ್ಯಾಂಕ್‌ಗಳಲ್ಲಿ ಇನ್ನೂ ತಣ್ಣನೆಯ ಮಂದ ಆಯಿಲ್ ಉಳಿದಿರುತ್ತದೆ. ಪೂರ್ತಿ ಪವರ್ ಕೊಟ್ಟಾಗ ಪಂಪ್ ಎಳೆಯಬೇಕಾದ್ದು ಆ ಮಂದ ಆಯಿಲ್ಲನ್ನೇ.

ಸಂಪ್‌ನ ಡ್ರೈನ್ ಪ್ಲಗ್ ಜಾಗದಲ್ಲಿ ಸೆನ್ಸರ್ ಹಾಕುವುದು ಕಾರುಗಳಿಂದ ಬಂದ ಅಭ್ಯಾಸ. ಅಲ್ಲಿ ಆಯಿಲ್ ನಿಧಾನವಾಗಿ ಸುಳಿಯುತ್ತದೆ, ತುದಿಯ ಸುತ್ತ ಕೆಸರು ಕೂರುತ್ತದೆ, ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಒಳಗಿನ ಗಾಳಿ ಹೊರಗಿನಿಂದ ತಣ್ಣಗೆ ಮಾಡುತ್ತಿರುತ್ತದೆ. ಪ್ರತಿ ಆಯಿಲ್ ಬದಲಾವಣೆಗೂ ವೈರ್ ಬಿಚ್ಚಿ ಕಟ್ಟುವ ಕೆಲಸ ಬೇರೆ. ಹೋಸ್ ಹೊರಮೈಗೆ ಕ್ಲ್ಯಾಂಪ್ ಮಾಡಿದ ಸೆನ್ಸರ್ ಅಳೆಯುವುದು ರಬ್ಬರನ್ನು, ಆಯಿಲ್ಲನ್ನಲ್ಲ.

ಇನ್ನೊಂದು ಸಾಮಾನ್ಯ ತಪ್ಪು ಕುರುಡು ತೂತು. ಗ್ಯಾಲರಿಗೆ ಸೇರಿದ್ದರೂ ಮುಂದೆ ದಾರಿಯಿಲ್ಲದ ಪ್ಲಗ್ ತೂತುಗಳು ಪ್ರತಿ ಎಂಜಿನ್‌ನಲ್ಲೂ ಇರುತ್ತವೆ. ಒತ್ತಡ ಅಳೆಯಲು ಅವು ಚೆನ್ನ, ಏಕೆಂದರೆ ನಿಂತ ಆಯಿಲ್ಲಿನಲ್ಲೂ ಒತ್ತಡ ಅಷ್ಟೇ ಇರುತ್ತದೆ. ಉಷ್ಣತೆಗೆ ಅದೇ ಮಾತು ನಡೆಯದು. ಆಯಿಲ್ ಶಾಖವನ್ನು ಸಾಗಿಸುವುದರಲ್ಲಿ ನೀರಿಗಿಂತ ನಾಲ್ಕು ಪಟ್ಟು ನಿಧಾನ. ಕುರುಡು ತೂತಿನಲ್ಲಿ ನಿಂತ ಆಯಿಲ್ ಹೊಸ ಆಯಿಲ್ಲಿನ ಜೊತೆ ಬೆರೆಯುವುದಿಲ್ಲ, ಸೆನ್ಸರ್ ಓದುವುದು ಸುತ್ತಲಿನ ಲೋಹದ ಉಷ್ಣತೆಯನ್ನು. ಸೆನ್ಸರ್ ತುದಿ ಹರಿಯುವ ಆಯಿಲ್ಲಿನಲ್ಲಿ ಮುಳುಗಿರಬೇಕು, ಗೋಡೆಯ ಬಾಸ್‌ನೊಳಗೆ (ಥ್ರೆಡ್ ಕೊರೆದ ಉಬ್ಬಿನೊಳಗೆ) ಅಡಗಿರಬಾರದು. ತೀರ ಉದ್ದವಾಗಿ ಗ್ಯಾಲರಿಗೆ ಅಡ್ಡ ಬೀಳುವಂತೆಯೂ ಇರಬಾರದು. ಹೊಸ ಸೆನ್ಸರ್ ತಂದಾಗ ಹಳೆಯದರ ಪಕ್ಕ ಇಟ್ಟು ಸೀಟಿನಿಂದ ತುದಿಯವರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆದರೆ ಸಾಕು, ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಕೂರಿಸುವಾಗ

ಥ್ರೆಡ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ರೋಟಾಕ್ಸ್ ಸೆನ್ಸರ್‌ನದು ಎಂ10×1, ನೇರ ಥ್ರೆಡ್. ಅಮೆರಿಕದ ಗೇಜ್ ಕಿಟ್‌ಗಳಲ್ಲಿ ಬರುವ ಅನೇಕ ಸೆನ್ಸರ್‌ಗಳದು 1/8 ಇಂಚಿನ ಎನ್‌ಪಿಟಿ, ಅದು ಓರೆ ಥ್ರೆಡ್. ಎರಡರ ವ್ಯಾಸವೂ ಹತ್ತು ಮಿಲಿಮೀಟರ್ ಆಸುಪಾಸು, ಪಿಚ್ ಒಂದರದು 1 ಮಿ.ಮೀ., ಇನ್ನೊಂದರದು 0.94. ಹಾಗಾಗಿ ತಪ್ಪು ಸೆನ್ಸರ್ ಕೂಡ ಮೊದಲ ಎರಡು ಸುತ್ತು ಸರಾಗವಾಗಿ ಹೋಗುತ್ತದೆ. ಮೂರನೆಯದಕ್ಕೆ ಬಿಗಿಯಾಗುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಪಂಪ್ ಹೌಸಿಂಗ್‌ನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ ಅಥವಾ ಹೌಸಿಂಗೇ ಬಿರುಕು ಬಿಡುತ್ತದೆ. ಲೈಕಮಿಂಗ್‌ನ ಪೋರ್ಟ್ 5/8-18, ಅದಕ್ಕೆ ಅಳತೆಗೆ ತಕ್ಕ ಸೆನ್ಸರನ್ನೇ ತರಿಸಬೇಕು.

ಟೆಫ್ಲಾನ್ ಟೇಪ್ ಬೇಡ. ಒಂದೇ ವೈರಿನ ಸೆನ್ಸರ್ ತನ್ನ ಮೈಯ ಮೂಲಕವೇ ಅರ್ತ್ ಪಡೆಯುತ್ತದೆ, ಟೇಪ್ ಅದನ್ನು ತಡೆಯುತ್ತದೆ. ಹರಿದ ಟೇಪ್ ಚೂರು ಗ್ಯಾಲರಿಗೆ ಹೋದರೆ ಇನ್ನೂ ಅಪಾಯ. ನೇರ ಥ್ರೆಡ್ಡಿಗೆ ಹೊಸ ಕ್ರಷ್ ವಾಷರ್ ಹಾಕಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್ ಕೊಡಿ. ಮೇಲಿನ ಟರ್ಮಿನಲ್ ನಟ್ ಬಿಗಿಯುವಾಗ ಕೆಳಗಿನ ಷಡ್ಭುಜವನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಒಳಗಿನ ಇನ್ಸುಲೇಟರ್ ತಿರುಗಿ ಒಡೆಯುತ್ತದೆ. ವೈರ್ ಎಕ್ಸಾಸ್ಟ್ ಪೈಪಿನಿಂದಲೂ ಇಗ್ನಿಷನ್ ವೈರ್‌ಗಳಿಂದಲೂ ದೂರ ಹೋಗಲಿ, ಎಂಜಿನ್ ಅಲುಗಾಟಕ್ಕೆ ಸ್ವಲ್ಪ ಸಡಿಲ ಸುರುಳಿ ಬಿಟ್ಟಿರಲಿ.

ಹಳೆಯ 912ಗಳಲ್ಲಿ ಸಿಲಿಂಡರ್ ಹೆಡ್ ಸೆನ್ಸರೂ ಆಯಿಲ್ ಸೆನ್ಸರೂ ನೋಡಲು ಒಂದೇ ತರ. ವೈರ್ ಅದಲುಬದಲಾದರೂ ಗೇಜುಗಳು ಏನೋ ಒಂದು ಅಂಕಿ ತೋರಿಸುತ್ತಲೇ ಇರುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಹೆಡ್ ಬೇಗ ಬಿಸಿಯಾಗಬೇಕು, ಆಯಿಲ್ ನಿಧಾನವಾಗಿ ಹಿಂಬಾಲಿಸಬೇಕು. ಇದು ತಿರುಗಮುರುಗ ಆಗಿದ್ದರೆ ವೈರ್ ನೋಡಿ.

ಗೇಜು ಸುಳ್ಳು ಹೇಳುವ ಬಗೆಗಳು

ಸೆನ್ಸರ್ ಯಾವ ಜಾತಿಯದು ಎಂಬುದರ ಮೇಲೆ ಸುಳ್ಳಿನ ದಿಕ್ಕು ನಿಂತಿದೆ. ಎನ್‌ಟಿಸಿ ಥರ್ಮಿಸ್ಟರ್‌ನಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಟರ್ಮಿನಲ್ ತುಕ್ಕು ಹಿಡಿದು ನಾಲ್ಕೈದು ಓಮ್ ಸೇರಿಕೊಂಡರೆ ಗೇಜು ಇರುವುದಕ್ಕಿಂತ ತಣ್ಣಗೆ ತೋರಿಸುತ್ತದೆ. ಇದು ಅಪಾಯದ ದಿಕ್ಕು. ವೈರ್ ತುಂಡಾದರೆ ಮುಳ್ಳು ಕೆಳಗೆ ಬೀಳುತ್ತದೆ, ಎಂಜಿನ್ ಮೈಗೆ ತಾಗಿ ಶಾರ್ಟ್ ಆದರೆ ಪೂರ್ತಿ ಮೇಲೆ ಹೋಗುತ್ತದೆ. ಲೋಹದ ತಂತಿಯ ರೆಸಿಸ್ಟೆನ್ಸ್ ಬಲ್ಬ್‌ನದು ಇದಕ್ಕೆ ವಿರುದ್ಧ. ವಿಮಾನಗಳಲ್ಲಿ ಬಹಳ ಕಾಲದಿಂದ ಇರುವ ಬಲ್ಬ್ ಮಾದರಿಗೆ 0 ಡಿಗ್ರಿಯಲ್ಲಿ 90.38 ಓಮ್, ಬಿಸಿಯಾದಂತೆ ಏರುತ್ತದೆ. ಇಲ್ಲಿ ಕೆಟ್ಟ ಜೋಡಣೆ ಗೇಜನ್ನು ಮೇಲಕ್ಕೆ ತಳ್ಳುತ್ತದೆ, ಒಂದು ಓಮ್ ಹೆಚ್ಚಾದರೆ ಎರಡು ಮೂರು ಡಿಗ್ರಿ. ಥರ್ಮೋಕಪಲ್ (ಎರಡು ಬೇರೆ ಲೋಹಗಳ ಬೆಸುಗೆಯಿಂದ ಉಷ್ಣತೆ ಅಳೆಯುವ ಸೆನ್ಸರ್) ಆಗಿದ್ದರೆ ವೈರ್ ಕೊನೆಯವರೆಗೂ ಅದೇ ಜಾತಿಯ ಮಿಶ್ರಲೋಹದ್ದಾಗಿರಬೇಕು. ಕೌಲಿಂಗ್ ಒಳಗೆ 60 ಡಿಗ್ರಿಯ ಜಾಗದಲ್ಲಿ ತಾಮ್ರದ ವೈರಿಗೆ ಜೋಡಿಸಿ, ಗೇಜು 30 ಡಿಗ್ರಿಯ ಕಾಕ್‌ಪಿಟ್‌ನಲ್ಲಿದ್ದರೆ ಓದಿಕೆ 30 ಡಿಗ್ರಿ ಕಡಿಮೆ ಬರುತ್ತದೆ.

ಲ್ಯಾಂಡಿಂಗ್ ಲೈಟ್ ಹಾಕಿದ ಕ್ಷಣ ಮುಳ್ಳು ಜಿಗಿದರೆ ಅದು ಆಯಿಲ್ಲಿನ ಸುದ್ದಿಯಲ್ಲ. ಲೀಟರುಗಟ್ಟಲೆ ಆಯಿಲ್ ಒಂದು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಏರಲೂ ಆರದು, ಇಳಿಯಲೂ ಆರದು. ಎಂಜಿನ್‌ಗೂ ಏರ್‌ಫ್ರೇಮ್‌ಗೂ ನಡುವಿನ ಅರ್ತ್ ಪಟ್ಟಿಯನ್ನು ಬಿಚ್ಚಿ, ಎರಡು ತುದಿ ಉಜ್ಜಿ, ಮತ್ತೆ ಬಿಗಿಯಿರಿ.

ಆಯಿಲ್ ಸೋರಿಹೋದ ಸಂದರ್ಭದಲ್ಲಿ ಟೆಂಪರೇಚರ್ ಗೇಜನ್ನು ನಂಬಲಾಗದು ಎಂಬುದು ಪೈಲಟ್‌ಗಳಿಗೆ ಚೆನ್ನಾಗಿ ತಿಳಿದಿರಬೇಕು. ಬರಿದಾದ ಗ್ಯಾಲರಿಯಲ್ಲಿ ಸೆನ್ಸರ್ ತುದಿಗೆ ಬಿಸಿ ಆಯಿಲ್ ತಾಗುವುದೇ ಇಲ್ಲ. ಮುಳ್ಳು ನಿಂತಲ್ಲೇ ನಿಲ್ಲಬಹುದು, ಇಳಿಯಲೂ ಬಹುದು. ಮೊದಲು ಕುಸಿಯುವುದು ಪ್ರೆಷರ್. ಪ್ರೆಷರ್ ಕುಸಿಯುತ್ತಿರುವಾಗ ಟೆಂಪರೇಚರ್ ಸರಿಯಿದೆ ಎಂದು ಸಮಾಧಾನಪಡುವ ಹಾಗಿಲ್ಲ.

ಪರೀಕ್ಷೆ

ರಾತ್ರಿಯಿಡೀ ಹ್ಯಾಂಗರ್‌ನಲ್ಲಿ ನಿಂತ ವಿಮಾನದಲ್ಲಿ ಬೆಳಿಗ್ಗೆ ಮಾಸ್ಟರ್ ಸ್ವಿಚ್ ಹಾಕಿದಾಗ ಆಯಿಲ್, ಸಿಲಿಂಡರ್ ಹೆಡ್, ಹೊರಗಿನ ಗಾಳಿ ಮೂರರ ಓದಿಕೆಯೂ ಎರಡು ಮೂರು ಡಿಗ್ರಿಯೊಳಗೆ ತಾಳೆಯಾಗಬೇಕು. ಖರ್ಚಿಲ್ಲದ ಪರೀಕ್ಷೆ ಇದು. ಗೇಜಿನ ಅಂಕಿಪಟ್ಟಿ 40ರಿಂದಲೋ 50ರಿಂದಲೋ ಶುರುವಾಗುವಂಥದ್ದಾದರೆ ಮಾತ್ರ ಇದು ನಡೆಯದು.

ಮೇಲಿನ ತುದಿಗೆ ಕುದಿಯುವ ನೀರು. ಸೆನ್ಸರ್ ಬಿಚ್ಚಿ, ವಿಮಾನದ್ದೇ ವೈರ್, ವಿಮಾನದ್ದೇ ಗೇಜು ಉಳಿಸಿಕೊಂಡು, ಸೆನ್ಸರ್ ಮೈಯಿಂದ ಎಂಜಿನ್‌ಗೆ ಒಂದು ಜಂಪರ್ ವೈರ್ ಕೊಟ್ಟು ಅರ್ತ್ ಮಾಡಿ, ತುದಿಯನ್ನು ಮಾತ್ರ ನೀರಿನಲ್ಲಿ ಮುಳುಗಿಸಿ. ಸೆನ್ಸರ್ ಒಂದನ್ನೇ ಬೆಂಚಿನ ಮೇಲೆ ಮೀಟರ್‌ಗೆ ಹಚ್ಚಿದರೆ ವೈರಿನ ದೋಷ ಸಿಗುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಜಕ್ಕೂರಿನ ಹ್ಯಾಂಗರ್‌ನಲ್ಲಿ 97 ತೋರಿಸಿದ ಗೇಜು ಸರಿಯಾಗಿದೆ, ಮಂಗಳೂರಿನಲ್ಲಿ ಅದೇ ಗೇಜು 100 ತೋರಿಸಬೇಕು. ಇದು ಗೊತ್ತಿಲ್ಲದೆ ಗೇಜನ್ನು ಮೂರು ಡಿಗ್ರಿ ಮೇಲಕ್ಕೆ ತಿದ್ದಿದರೆ ಇಲ್ಲದ ದೋಷವನ್ನು ತಂದುಕೊಂಡಂತೆ. ಕೆಂಪು ಗೆರೆಯ (ಗೇಜಿನಲ್ಲಿ ಗರಿಷ್ಠ ಮಿತಿಯ ಗುರುತು) ಹತ್ತಿರ ನೋಡಲು 120 ಡಿಗ್ರಿಗೆ ಕಾಯಿಸಿದ ಆಯಿಲ್ ಬೇಕು. ಅದಕ್ಕೆ ಮೊದಲು ಸೆನ್ಸರ್ ಮೇಲಿನ ನೀರನ್ನು ಪೂರ್ತಿ ಒರೆಸಿ, ಒಂದು ಹನಿ ಬಿದ್ದರೂ ಬಿಸಿ ಆಯಿಲ್ ಸಿಡಿಯುತ್ತದೆ.

ಸೆನ್ಸರ್ ಸರಿ, ಆದರೂ ಗೇಜು ಕೆಂಪಿನ ಹತ್ತಿರವೇ ಎಂದರೆ ಕೂಲರ್ ಕಡೆ ನೋಡಬೇಕು. ಇಳಿದ ಕೂಡಲೇ ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ಕೂಲರ್‌ನ ಒಳಬಾಯಿ, ಹೊರಬಾಯಿ ಎರಡನ್ನೂ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಆ ಯಂತ್ರ ತಪ್ಪು ಓದುತ್ತದೆ, ಮೊದಲು ಕಪ್ಪು ಟೇಪಿನ ತುಂಡು ಅಂಟಿಸಿಡಿ. ಎರಡೂ ಬಾಯಿ ಬಿಸಿಯಾಗಿದ್ದು ಅವುಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದರೆ ಕೂಲರ್ ಮೂಲಕ ಗಾಳಿ ಹೋಗುತ್ತಿಲ್ಲ: ಬ್ಯಾಫಲ್ ಸೀಲ್ (ಗಾಳಿಗೆ ದಾರಿ ತೋರುವ ತಗಡಿನ ಅಂಚಿನ ರಬ್ಬರ್) ಮಡಚಿಕೊಂಡಿದೆ, ಫಿನ್‌ಗಳಲ್ಲಿ ಕಸ ತುಂಬಿದೆ. ಎಂಜಿನ್ ಬಿಸಿಯಿದ್ದು ಕೂಲರ್ ಬರೀ ಉಗುರುಬೆಚ್ಚಗಿದ್ದರೆ ಆಯಿಲ್ಲೇ ಅದರೊಳಗೆ ಹೋಗುತ್ತಿಲ್ಲ. ಲೈಕಮಿಂಗ್‌ನಲ್ಲಾದರೆ ವರ್ನಾಥರ್ಮ್ ಬಿಚ್ಚಿ ಸೀಟಿನ ಮೇಲೆ ಸುತ್ತಲೂ ಸಮನಾದ ಗುರುತು ಬಿದ್ದಿದೆಯೇ ನೋಡಿ.

ಎರಡನೆಯ ಸೆನ್ಸರ್

ಬೇರೆ ಜಾಗದ ಉಷ್ಣತೆಯೂ ಬೇಕೆನಿಸಿದರೆ ಮೊದಲಿನದನ್ನು ಕದಲಿಸದೆ ಎರಡನೆಯದನ್ನು ಸೇರಿಸುವುದು ಸರಿಯಾದ ದಾರಿ. ಪ್ರಮಾಣಪತ್ರ ಇರುವ ವಿಮಾನದಲ್ಲಿ ಇದು ಮಾಡಿಫಿಕೇಷನ್ ಆಗುತ್ತದೆ, ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ದಾಖಲೆ ಇಲ್ಲದೆ ಮಾಡುವಂತಿಲ್ಲ. ಮೂಲ ಸೆನ್ಸರ್‌ನ ಜಾಗವಂತೂ ಟೈಪ್ ಡಿಸೈನ್‌ನ (ಪ್ರಮಾಣಪತ್ರ ಪಡೆದ ಮೂಲ ವಿನ್ಯಾಸದ) ಭಾಗವೇ. ಏರ್-ಕೂಲ್ಡ್ ಎಂಜಿನ್‌ಗೆ ಆಯಿಲ್ ಟೆಂಪರೇಚರ್ ಗೇಜು ಹಗಲಿನ ಹಾರಾಟಕ್ಕೂ ಕಡ್ಡಾಯವೆಂದು ಅಮೆರಿಕದ 91.205ನೇ ನಿಯಮ ಹೇಳುತ್ತದೆ.

ಎರಡನೆಯದಕ್ಕೆ ಪ್ಯಾನಲ್‌ನಲ್ಲಿ "ಆಯಿಲ್ ವಾಪಸ್" ಎಂಬ ಬೇರೆ ಹೆಸರು ಇರಲಿ, ಕೆಂಪು ಗೆರೆ ಇರದಿರಲಿ, ಏಕೆಂದರೆ ಆ ಜಾಗಕ್ಕೆ ತಯಾರಕರು ಮಿತಿ ಬರೆದಿಲ್ಲ. ನೋಡಬೇಕಾದ್ದು ಎರಡರ ನಡುವಿನ ಅಂತರವನ್ನು. ಒಂದೇ ಪವರ್, ಒಂದೇ ಎತ್ತರ, ಹತ್ತಿರದ ಹವೆಯಲ್ಲಿ ಆ ಅಂತರ ಹೆಚ್ಚುಕಡಿಮೆ ಒಂದೇ ಇರಬೇಕು. ಒಳಬರುವ ಆಯಿಲ್ ಬದಲಾಗದೆ ಅಂತರ ಮಾತ್ರ ಹಾರಾಟದಿಂದ ಹಾರಾಟಕ್ಕೆ ಬೆಳೆಯುತ್ತಿದ್ದರೆ ಎಂಜಿನ್ ಆಯಿಲ್ಲಿಗೆ ಹೆಚ್ಚು ಶಾಖ ಸುರಿಯುತ್ತಿದೆ ಅಥವಾ ಹರಿವು ಕಡಿಮೆಯಾಗಿದೆ. ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಲೋಹದ ಚೂರು ಹುಡುಕಿ. ಸಿಲಿಂಡರ್‌ಗಳ ಕಂಪ್ರೆಷನ್ ನೋಡಿ, ಪಿಸ್ಟನ್ ರಿಂಗ್ ದಾಟಿ ನುಸುಳುವ ಬಿಸಿ ಗ್ಯಾಸ್ ಕೂಡ ಆಯಿಲ್ಲನ್ನು ಹೀಗೇ ಕಾಯಿಸುತ್ತದೆ.